ಖಾಲಿ ಕರಡಿಗೆ

ಜಂಗಮರಾದ ಗಂಗಯ್ಯನವರು ಶವದ ಕೊರಳಲ್ಲಿದ್ದ ಬೆಳ್ಳಿ ಕರಡಿಗೆಯ ಮುಚ್ಚಳ ತೆಗೆದವರು ಹಾಗೇ ನಿಂತುಬಿಟ್ಟರು. ಒಳಗೆ ಇಷ್ಟಲಿಂಗವಿರಲಿಲ್ಲ.

ನೇಸರಗಿಯ ಆ ಬಾಡಿಗೆ ಮನೆಯಲ್ಲಿ, ಗೋಡೆಗೆ ಆನಿಸಿ ಕೂಡಿಸಿದ್ದ ಮಹಾನಂದಾಳ ಎಡ ಅಂಗೈ ತೆರೆದೇ ಇತ್ತು. ಲಿಂಗವನ್ನು ಆ ಅಂಗೈಯಲ್ಲಿಟ್ಟೇ ಮಣ್ಣು ಮಾಡುವುದು ಪದ್ಧತಿ. ಮೂವತ್ತು ವರ್ಷ ಸರಕಾರಿ ದವಾಖಾನೆಯಲ್ಲಿ ನರ್ಸ್ ಆಗಿದ್ದವಳು. ರಜೆ ಕೂಡಿಟ್ಟು, ವರ್ಷಕ್ಕೊಮ್ಮೆ ಸೇವಾ ತಂಡದ ಜೊತೆ ಆಫ್ರಿಕಾದ ಮಲಾವಿಗೆ ಹೋಗಿ, ರಸ್ತೆಯಿಲ್ಲದ ಹಳ್ಳಿಗಳಲ್ಲಿ ಹೆರಿಗೆ ಮಾಡಿಸಿ ಬರುತ್ತಿದ್ದಳು. ಎಷ್ಟು ಕೂಸು ಎತ್ತಿಕೊಂಡಳೋ ಏನೋ, ಮಣ್ಣಿಗೆ ಬಂದವರು ಮಾತ್ರ ಹನ್ನೆರಡು ಮಂದಿ.

"ಲಿಂಗಾ ಎಲ್ಲೈತವ್ವಾ?" ಗಂಗಯ್ಯನವರು ಮಹಾನಂದಾಳ ತಂಗಿ ಸಿದ್ದಲಿಂಗವ್ವನನ್ನು ಕೇಳಿದರು.

"ನನಗೇನ ಗೊತ್ತರಿ? ಒಂಬತ್ತ ವರ್ಷಾತು ಮಾತ ಬಿಟ್ಟು."

"ಲಿಂಗಾ ಕಳಕೊಂಡಾಕಿನ್ನ ಹಿರ್ಯಾರ ಸಾಲಿನ್ಯಾಗ ಹೆಂಗ ಇಡೂದು?" ಅಂದ ಅಕ್ಕತಂಗಿಯರ ದೊಡ್ಡಪ್ಪನ ಮಗ ಗುರುನಾಥ.

ಅವ್ವನ ಮಗ್ಗುಲಲ್ಲೇ ತನ್ನನ್ನಿಡಬೇಕೆಂದು ಮಹಾನಂದಾ ಗಂಗಯ್ಯನವರಿಗೆ ಹೇಳಿಟ್ಟಿದ್ದಳು. ಅವಳು ಬೇಡಿದ್ದು ಅದೊಂದೇ. ಆದರೆ ತವರಿನ ಹೊಲ ಈಗ ತಂಗಿಯ ಹೆಸರಲ್ಲಿತ್ತು, ಒಪ್ಪಿಗೆಯ ಮಾತು ಅವಳ ಬಾಯಿಂದಲೇ ಬರಬೇಕಿತ್ತು.

"ನನ್ನ ಮಗಳು ಶೀತಲನ ಹೆರಿಗಿ ಹೊತ್ತಿಗೆ ಬಂದ ಬರತೇನಿ ಅಂದಾಕಿ, ವಿಮಾನಾ ಹತ್ತಿ ಹ್ವಾದ್ಲು. ಬರಲಿಲ್ಲ. ಮೂರ ದಿನದ ಕೂಸು, ಲಿಂಗಾ ಕಟ್ಟೂಕಿಂತ ಮೊದಲ ಹೋತು. ಮನಿಗೆ ಮಾರಿ, ಊರಿಗೆ ಉಪಕಾರಿ!" ಅಂದಳು ಸಿದ್ದಲಿಂಗವ್ವ. "ನಮ್ಮ ಹೊಲದಾಗ ಬ್ಯಾಡ್ರಿ."

ಬಾಗಿಲ ಬಳಿ ಕೂತಿದ್ದ ಸದಾಶಿವ ಎದ್ದ. ರಾಮದುರ್ಗದಲ್ಲಿ ಔಷಧದ ಅಂಗಡಿ ಇಟ್ಟವನು, ಅದೇ ತಂಡದಲ್ಲಿ ಐದು ಸಲ ಅವಳ ಜೊತೆ ಹೋಗಿದ್ದ.

"ಅಕ್ಕಾರ, ಲಿಂಗಾ ಕಳದಿಲ್ಲರಿ. ಎಲ್ಲೈತಿ ಅನ್ನೂದು ನನಗ ಗೊತ್ತೈತಿ."

*

ಒಂಬತ್ತು ವರ್ಷದ ಹಿಂದೆ, ಮಲಾವಿಯ ಆ ಹಳ್ಳಿಯಲ್ಲಿ ಗುಡ್ಡ ಹತ್ತಿದರೆ ಮಾತ್ರ ಫೋನು ಸಿಗುತ್ತಿತ್ತು. ಶೀತಲಳ ಕೂಸು ಹೋದ ಸುದ್ದಿ ಕೇಳಿ ಮಹಾನಂದಾ ಇಳಿದು ಬರುವ ಹೊತ್ತಿಗೆ, ಬೆಳಿಗ್ಗೆ ಅವಳೇ ಹೆರಿಗೆ ಮಾಡಿಸಿದ್ದ ಕೂಸೂ ಉಸಿರು ಬಿಟ್ಟಿತ್ತು. ತಾಯಿ ಮೊದಲೇ ತೀರಿಕೊಂಡಿದ್ದಳು. ಉಳಿದವಳು ಅಜ್ಜಿಯೊಬ್ಬಳೇ.

ಮಹಾನಂದಾ ಕೂಸಿಗೆ ಸ್ನಾನ ಮಾಡಿಸಿದಳು. ಕರಡಿಗೆಯಿಂದ ಲಿಂಗ ತೆಗೆದು, ಕೈಸನ್ನೆಯಲ್ಲೇ ಅಜ್ಜಿಯನ್ನು ಕೇಳಿದಳು. ಒಬ್ಬರ ಮಾತು ಒಬ್ಬರಿಗೆ ಬರದು. ಅಜ್ಜಿ ಕೂಸಿನ ಮುಷ್ಟಿ ಬಿಡಿಸಿ ಹಿಡಿದಳು. ಹಾಗೇ ಮಣ್ಣಾಗಲೆಂದು ಮಹಾನಂದಾ ಲಿಂಗವನ್ನು ಅದರಲ್ಲಿಟ್ಟಳು.

"ಇದು ಶೀತಲನ ಕೂಸಿಂದು, ಸದಾಶಿವಾ," ಅಂದಳು ಮಹಾನಂದಾ. "ಅಲ್ಲಿ ಮುಟ್ಟಲಿಲ್ಲ, ಇಲ್ಲ್ಯಾದ್ರೂ ಮುಟ್ಟಲಿ."

*

ಒಂಬತ್ತು ವರ್ಷ ಅವಳು ಖಾಲಿ ಕರಡಿಗೆಯನ್ನೇ ಕೊರಳಲ್ಲಿ ಕಟ್ಟಿಕೊಂಡಿದ್ದಳು. ಗೊತ್ತಾಗಬೇಕಾದರೆ ಹತ್ತಿರ ಕೂಡುವವರಾದರೂ ಇರಬೇಕಲ್ಲ.

"ನನಗ್ಯಾಕ ಹೇಳಲಿಲ್ಲ?" ಸಿದ್ದಲಿಂಗವ್ವ ಕೇಳಿದಳು.

"ಭಾಳ ಸಲ ಫೋನ್ ಹಚ್ಚಿದ್ರಂತರಿ. ನೀವು ಎತ್ತಲಿಲ್ಲಂತ."

ಸಿದ್ದಲಿಂಗವ್ವ ಅಕ್ಕನ ಮುಖ ನೋಡಿದಳು.

"ಅವ್ವನ ಮಗ್ಗಲಿಗೇ ತೆಗ್ಗ ತಗಸ್ರಿ," ಅಂದಳು.

ಇಳಿಹೊತ್ತಿಗೆ, ಹೊಲದಲ್ಲಿ ತೆಗ್ಗಿನ ಗೋಡೆಯಲ್ಲಿ ಕಡಿದ ಗೂಡಿನೊಳಗೆ ಮಹಾನಂದಾಳನ್ನು ಕೂಡಿಸಿದರು. ಗಂಗಯ್ಯನವರು ಮಠದಿಂದ ತರಿಸಿದ ಹೊಸ ಲಿಂಗವನ್ನು ಅಂಗೈಗಿಟ್ಟರು. ಸೆಟೆದ ಬೆರಳು ಮಡಚಲಿಲ್ಲ, ಲಿಂಗ ಜಾರಿತು. ಎರಡನೆಯ ಸಲವೂ ಜಾರಿತು. "ಹೆಣ್ಮಕ್ಕಳು ಇಳೀಬಾರದು," ಎಂದು ಗುರುನಾಥ ಅನ್ನುವುದರೊಳಗೆ ಸಿದ್ದಲಿಂಗವ್ವ ಸೀರೆ ಎತ್ತಿ ಕಟ್ಟಿ ತೆಗ್ಗಿಗೆ ಇಳಿದಿದ್ದಳು. ಅಕ್ಕನ ಎದುರಿಗೆ ಕೂತು, ಲಿಂಗವನ್ನು ಅಂಗೈಗಿಟ್ಟು, ಆ ಕೈಯನ್ನು ತನ್ನ ಎರಡೂ ಕೈಯಿಂದ ಮುಚ್ಚಿ ಹಿಡಿದಳು.

"ಮಣ್ಣ ಹಾಕ್ರಿ."

ವಿಭೂತಿ ಬಿತ್ತು, ಪತ್ರಿ ಬಿತ್ತು, ಆಮೇಲೆ ಮಣ್ಣು. "ಇನ್ನ ಏಳವ್ವಾ," ಎಂದು ಗಂಗಯ್ಯನವರು ಮೂರು ಸಲ ಕರೆದರು. ಮಣ್ಣು ಸಿದ್ದಲಿಂಗವ್ವನ ಮೊಣಕೈ ಮುಚ್ಚಿತ್ತು. ಅಕ್ಕನ ಕೈ ಹಿಡಿದ ಕೈ ಇನ್ನೂ ಒಳಗೇ ಇತ್ತು.