ಐವತ್ತು ಕಿಲೋಮೀಟರಿನ ಗಾಡಿ

ಕೊರಿಯರ್ ಹಂಚುವ ದುರ್ಗೇಶ್ ಹದಿನೈದು ದಿನ ಸಾಗರ, ಹೊಸನಗರ, ತೀರ್ಥಹಳ್ಳಿಯ ಹಳೇ ಬೈಕುಗಳನ್ನೆಲ್ಲ ಜಾಲಾಡಿದ್ದ. ಕೈಗೆಟಕುವ ಬೈಕಿನ ಎಂಜಿನ್ ಸರಿಯಿರಲಿಲ್ಲ, ಎಂಜಿನ್ ಸರಿಯಿದ್ದದ್ದು ಕೈಗೆಟಕಲಿಲ್ಲ. ಕೊನೆಗೆ, ಸಾಗರದ ಪೇಟೆ ಸುತ್ತಲು ಸಾಕೆಂದು ಹಳೆಯ ಎಲೆಕ್ಟ್ರಿಕ್ ಸ್ಕೂಟರ್ ಕೊಂಡ. ಒಮ್ಮೆ ಚಾರ್ಜ್ ಮಾಡಿದರೆ ಐವತ್ತು ಕಿಲೋಮೀಟರ್ ಓಡುತ್ತಿತ್ತು.

ಮರುದಿನ ಅದನ್ನು ಆಫೀಸಿನೆದುರು ನಿಲ್ಲಿಸುತ್ತಿದ್ದಂತೆ ಮ್ಯಾನೇಜರ್ ನಾಗರಾಜಪ್ಪ ಹೊರಬಂದರು.

"ಗಾಡಿ ಚೆನ್ನಾಗಿದೆ ಕಣೋ! ಹೊಳೆಗೆ ಸೇತುವೆ ಆಯ್ತಲ್ಲ, ಇನ್ನು ಲಾಂಚ್ ಕಾಯೋ ರಗಳೆ ಇಲ್ಲ. ಇವತ್ತಿಂದ ಹೊಳೆಯಾಚೆ ತುಮರಿ, ಬ್ಯಾಕೋಡು ಎರಡೂ ಊರಿನ ಪಾರ್ಸೆಲ್ ನಿಂದೇ."

ದುರ್ಗೇಶನಿಗೆ ಮೈಯೆಲ್ಲ ಉರಿದುಹೋಯಿತು.

"ಈ ಮಾತು ನಿನ್ನೆ ಹೇಳೋಕೆ ಏನಾಗಿತ್ತು ಸಾರ್ ನಿಮ್ಗೆ?"

"ಈಗ ಹೇಳಿದ್ನಲ್ಲ, ಹೋಗ್ಬಾ."

"ಹೋಗ್ತೀನಿ. ಅಲ್ಲಿಗೆ ಹೋಗೋಷ್ಟರಲ್ಲಿ ಚಾರ್ಜ್ ಮುಗ್ದಿರತ್ತೆ. ಸಂಜೆ ನನ್ನೂ ಗಾಡೀನೂ ಪಾರ್ಸೆಲ್ ಮಾಡ್ಸಿ ತರಿಸ್ಕೊಳ್ಳಿ!"