ಮೇಕೆ ಮೇಯ್ದ ಹುಣಸೆ

ಹೊಸೂರಿನ ಮೂಕಂಡಪಲ್ಲಿಯ ಚೆನ್ನಕೇಶವನದು ಯಾವುದನ್ನೂ ಮುಟ್ಟಿ ನೋಡದೆ ನಂಬುವ ಜಾಯಮಾನವಲ್ಲ. ಮೂವತ್ತೊಂದು ವರ್ಷ ಫ್ಯಾಕ್ಟರಿಯ ಇನ್ಸ್‌ಪೆಕ್ಷನ್ ವಿಭಾಗದಲ್ಲಿ ಕೂತು ಕಬ್ಬಿಣದ ಬಿಡಿಭಾಗಗಳನ್ನು ಅಳೆದು, ಪಾಸು ಇಲ್ಲವೆ ರಿಜೆಕ್ಟು ಎಂದು ತೀರ್ಪು ಕೊಟ್ಟ ಮನುಷ್ಯ. ರಿಟೈರಾದ ಮೇಲೆ ಕೈ ಸುಮ್ಮನಿರದೆ ಅಡುಗೆಮನೆಯ ತರಕಾರಿಯನ್ನೆಲ್ಲ ಅಮುಕಿ ಅಮುಕಿ ನೋಡತೊಡಗಿದ. ಹೆಂಡತಿ ಚಂದ್ರಲೇಖಾ ತಾಳಲಾರದೆ ಅವನನ್ನು ತಾರಸಿಗೆ ಅಟ್ಟಿದಳು. ಅಲ್ಲಿ ಅವನಿಗೆ ಬೋನ್ಸಾಯ್ ಹುಚ್ಚು ಹಿಡಿಯಿತು. ನರ್ಸರಿಯಿಂದ ತಂದ ನಾಲ್ಕು ಆಲ, ಎರಡು ಬಸರಿ ಗಿಡಗಳಿಗೆ ತಂತಿ ಸುತ್ತಿ, ಕೊಂಬೆ ಬಾಗಿಸಿ, ಮೊಬೈಲಿನಲ್ಲಿ ನೋಡಿ ಕಲಿತದ್ದನ್ನೆಲ್ಲ ಮನೆಗೆ ಬಂದವರ ಮುಂದೆ ಕೊರೆಯುತ್ತಿದ್ದ.

ಹೆಚ್ಚು ಕೊರೆಸಿಕೊಂಡವಳು ಅಕ್ಕ ರಾಮಕ್ಕ. "ಇವೆಲ್ಲ ಕುಂಡದಲ್ಲೇ ಹುಟ್ಟಿದ್ದು ಕಣಕ್ಕ. ಗುಡ್ಡದಾಗೆ ತಾನಾಗೇ ಗಿಡ್ಡಕ್ಕೆ ಬೆಳ್ದಿರೋ ಮರ ತಂದು ಉಳಿಸ್ಕೊಂಡ್ರೆ, ಅದು ನಿಜವಾದ ಕೆಲಸ," ಎಂದು ಒಮ್ಮೆ ಹೇಳಿದ್ದ. ಅವಳು ಅದನ್ನು ಮರೆಯಲಿಲ್ಲ.

ರಾಮಕ್ಕನ ಊರು ಸೂಳಗಿರಿಯ ಪಕ್ಕದಲ್ಲಿ. ಅವರ ಹೊಲದ ಹಿಂದೆ ಒಂದು ದೊಡ್ಡ ಬಂಡೆ, ಬಂಡೆಯ ಬಿರುಕಿನಲ್ಲಿ ಒಂದು ಹುಣಸೆ. ವಯಸ್ಸು ನಲವತ್ತಾದರೂ ಎತ್ತರ ಮಾತ್ರ ಮೊಣಕಾಲುದ್ದ. ಬುಡ ತೋಳಿನಷ್ಟು ದಪ್ಪವಾಗಿ, ತಿರುಚಿಕೊಂಡು, ಮುದುಕನ ಹಾಗೆ ಕೂತಿತ್ತು. ಅದನ್ನು ಹಾಗೆ ಮಾಡಿದ್ದು ಮೇಕೆಗಳು. ರಾಮಕ್ಕನ ಗಂಡ ವೆಂಕಟಸ್ವಾಮಿ ದಿನಾ ಮಧ್ಯಾಹ್ನ ಆ ಬಂಡೆಯ ಮೇಲೆ ಬುತ್ತಿ ಬಿಚ್ಚುತ್ತಿದ್ದ. ಮೇಕೆಗಳು ಹುಣಸೆ ಚಿಗುರಿಗೆ ಬಾಯಿ ಹಾಕಿದರೆ ಬೈಯುತ್ತಿರಲಿಲ್ಲ. ಒಂದು ಬಾಯಿ ತಿನ್ನಲು ಬಿಟ್ಟು, ಆಮೇಲೆ ಕಿವಿ ಹಿಡಿದು ಎಳೆದು, "ಸಾಕು ಬಾ, ನಾಳೆಗಿರ್ಲಿ," ಎನ್ನುತ್ತಿದ್ದ. ಅವನು ತೀರಿಕೊಂಡು ಒಂದು ವರ್ಷವಾಗಿತ್ತು.

ಮುಂಗಾರು ಶುರುವಾಗುವ ಹೊತ್ತಿಗೆ ರಾಮಕ್ಕ ಫೋನು ಮಾಡಿದಳು.

"ಚೆನ್ನಾ, ಹೊಸ ಕಂಪನಿ ರಸ್ತೆಗೆ ಬಂಡೆ ಒಡೀತಾರಂತೆ ಕಣ್ಲಾ. ನಿಮ್ ಭಾವನ ಹುಣಸೆ ಗಿಡ ಐತಲ್ಲ, ಅದನ್ನ ಎತ್ಕೊಂಡೋಗಿ ಉಳಿಸ್ಕೊಡು. ಅವರ ಕೈಯಾಡಿದ್ದು ಅಂತ ಆ ಹೊಲದಾಗೆ ಇನ್ನೇನೂ ಉಳ್ದಿಲ್ಲ."

ಐಟಿಐ ಓದುವಾಗ ಚೆನ್ನಕೇಶವ ಎರಡು ವರ್ಷ ಅಕ್ಕನ ಮನೆಯಲ್ಲೇ ಉಂಡಿದ್ದ. ದಿನಾ ಬೆಳಿಗ್ಗೆ ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಬಸ್ಸಿಗೆ ಬಿಡುತ್ತಿದ್ದವನು ಭಾವ. "ಉಳಿಸ್ಕೊಡ್ತೀನಕ್ಕ, ಮಾತು ಅಂದ್ರೆ ಮಾತು," ಎಂದುಬಿಟ್ಟ.

ಎರಡು ದಿನ ಬಂಡೆಯ ಮೇಲೆ ಬೋರಲು ಮಲಗಿ ಉಳಿ, ಸುತ್ತಿಗೆ ಹಿಡಿದು ಬಿರುಕನ್ನು ಅಗಲಿಸಿದ. ಒಳಗಿಳಿದಿದ್ದ ತಾಯಿಬೇರನ್ನು ಮೂರು ಸಲ ಅಳೆದು ನೋಡಿ ಕೊಯ್ದ. ಗಿಡವನ್ನು ಒದ್ದೆ ಗೋಣಿಯಲ್ಲಿ ಸುತ್ತಿ ಮಗುವಿನಂತೆ ಮಡಿಲಲ್ಲಿಟ್ಟುಕೊಂಡು ಬಂದ. ಮರದ ಪೆಟ್ಟಿಗೆಗೆ ದಪ್ಪ ಮರಳು, ಇಟ್ಟಿಗೆ ಚೂರು, ಜೊತೆಗೆ ಬಂಡೆಯ ಬಿರುಕಿನದೇ ಒಂದು ಹಿಡಿ ಮಣ್ಣು ಹಾಕಿ ನೆಟ್ಟ. ಅಲುಗಾಡದಂತೆ ತಂತಿಯಿಂದ ಬಿಗಿದ. ಬೋನ್ಸಾಯ್‌ಗೆ ಒಂದು ಮುಂಭಾಗ ಇರಬೇಕಲ್ಲ, ಬುಡದ ತಿರುವು ಚೆನ್ನಾಗಿ ಕಾಣುವ ಬದಿಯನ್ನು ತನ್ನ ಕುರ್ಚಿಯ ಕಡೆಗಿಟ್ಟು ಬೆನ್ನನ್ನು ಮೋಟುಗೋಡೆಯತ್ತ ಮಾಡಿ, ಗೇಣು ಸಂದಿ ಬಿಟ್ಟು ನಿಲ್ಲಿಸಿದ. ಇಷ್ಟರವರೆಗೆ ಅವನು ಮಾಡಿದ್ದೆಲ್ಲ ಸರಿಯಾಗಿಯೇ ಇತ್ತು.

ಇನ್ನು ಮಾಡಬೇಕಿದ್ದದ್ದು ಸುಮ್ಮನಿರುವುದು. ಅದೊಂದು ಅವನ ಕೈಲಾಗಲಿಲ್ಲ.

ತೊಗಟೆಯನ್ನು ಉಗುರಿನಿಂದ ಚೂರು ಗೀರಿದರೆ ಒಳಗೆ ಹಸಿರು ಕಾಣಬೇಕು, ಕಂಡರೆ ಗಿಡಕ್ಕೆ ಜೀವವಿದೆ ಎಂದರ್ಥ. ಮೊದಲನೇ ವಾರ ಗೀರಿದ, ಹಸಿರು. ಮನಸ್ಸು ತಣ್ಣಗಾಯಿತು. ಮರುದಿನ ಮತ್ತೆ ಅನುಮಾನ, ಮತ್ತೆ ಗೀರಿದ. ಕಾಫಿ ಕುಡಿದು ಒಂದು ಸಲ, ಮಧ್ಯಾಹ್ನದ ನಿದ್ದೆ ಮುಗಿಸಿ ಇನ್ನೊಂದು ಸಲ. ಎರಡು ತಿಂಗಳಾಗುವಾಗ ಗಿಡದ ಮುಂಭಾಗ ಬೆಕ್ಕು ಪರಚಿದ ಕಂಬದ ಹಾಗಾಗಿತ್ತು, ಒಂದು ಚಿಗುರೂ ಇಲ್ಲ. ಅತ್ತ ಅಕ್ಕನ ಊರಿನಲ್ಲಿ ಬಂಡೆ ಒಡೆದು ಜಲ್ಲಿಯಾಗಿ ಹೋಯಿತು. ಪ್ರತಿ ಭಾನುವಾರ ಅಕ್ಕ ಫೋನಿನಲ್ಲಿ ಕೇಳುತ್ತಿದ್ದಳು, "ಚಿಗುರ್ತಾ?"

"ಬತ್ತೈತೆ ಅಕ್ಕ. ಇನ್ನೇನು ಬಂದ್ಬುಡ್ತದೆ."

ಮೂರನೇ ತಿಂಗಳು ಉಗುರಿನಡಿ ಕಂದು ಬಣ್ಣ ಕಂಡಿತು. ಇನ್ನೊಂದು ಕಡೆ ಗೀರಿದ, ಅಲ್ಲೂ ಕಂದು. ಚೆನ್ನಕೇಶವ ಕುರ್ಚಿಯಲ್ಲಿ ಕುಸಿದು ಕೂತ. ಭಾವನನ್ನು ಎರಡನೇ ಸಲ ಮಣ್ಣು ಮಾಡಿದಂತೆ ಸಂಕಟವಾಯಿತು.

"ಸುಳ್ಳು ಹೇಳಿದ್ದು ಸಾಕು ರೀ, ಅವರಿಗೆ ತಿಳಿಸಿ," ಎಂದು ಚಂದ್ರಲೇಖಾ ಫೋನನ್ನು ಕೈಗಿಟ್ಟಳು.

"ಅಕ್ಕ, ಗಿಡ ಹೋಯ್ತು," ಎಂದ.

ರಾಮಕ್ಕ ಕೇಳಿದಳು, "ಹೋಯ್ತು ಅಂತ ನಿಂಗ್ಯಾರು ಹೇಳಿದ್ದು?"

"ನಾನೇ ಗೀರಿ ನೋಡ್ದೆ."

"ನೀನು ಹೇಳೋದ್ಬೇಡ. ಮೇಕೆ ಹೇಳ್ಲಿ."

ವೆಂಕಟಸ್ವಾಮಿಯ ಕ್ರಮವೇ ಹಾಗಿತ್ತು. ಒಣಗಿದೆ ಎಂದು ಊರೆಲ್ಲ ಹೇಳಿದ ಮರಕ್ಕೂ ಅವನು ಮೊದಲು ಮೇಕೆ ಬಿಟ್ಟು ನೋಡುತ್ತಿದ್ದ. ಅದು ಮೂಸಿ ಮುಖ ತಿರುಗಿಸಿದರೆ ಮಾತ್ರ ಕೊಡಲಿ ಎತ್ತುತ್ತಿದ್ದ.

ಮರುದಿನ ಹತ್ತು ಗಂಟೆಗೆ ರಾಮಕ್ಕ ಒಂದು ಕರಿ ಮೇಕೆಮರಿಯೊಂದಿಗೆ ಮೆಟ್ಟಿಲ ಬಳಿ ನಿಂತಿದ್ದಳು. ಬಸ್ಸಿನ ಕಂಡಕ್ಟರು ತಮಿಳಿನಲ್ಲಿ ಬೈದನಂತೆ, ಇವಳು ತೆಲುಗಿನಲ್ಲಿ ತಿರುಗಿಸಿ ಕೊಟ್ಟಳಂತೆ, ಹಿಂದಿನ ಸೀಟಿನ ಹೆಂಗಸರು ಕನ್ನಡದಲ್ಲಿ ನಕ್ಕರಂತೆ. ಅಂತೂ ಮೇಕೆ ಹೊಸೂರು ತಲುಪಿತ್ತು.

ತಾರಸಿ ಹತ್ತಿದ ಮೇಕೆ ಮೊದಲು ಚೆನ್ನಕೇಶವನ ಬಸರಿ ಬೋನ್ಸಾಯ್‌ನ ತಲೆಯನ್ನೇ ಕಚ್ಚಿ ಹಾಕಿತು. ಅವನು ಉಳಿದ ಕುಂಡಗಳನ್ನು ಹಿಂದಕ್ಕೆ ಸರಿಸಿದ. ಆಮೇಲೆ ಅದು ಹುಣಸೆಯ ಮುಂದೆ ಬಂತು. ಬುಡ ಮೂಸಿತು, ಕೊಂಬೆ ಮೂಸಿತು. ಮುಖ ತಿರುಗಿಸಿತು.

ರಾಮಕ್ಕ ಸೆರಗನ್ನು ಬಾಯಿಗೆ ಒತ್ತಿಕೊಂಡು ಕುರ್ಚಿಯ ಪಕ್ಕ ನೆಲಕ್ಕೆ ಕೂತಳು.

"ನಾನೇ ಕೊಂದೆ ಅಕ್ಕ. ದಿನಾ ಗೀರಿ ಗೀರಿ ನಾನೇ ಕೊಂದ್ಬುಟ್ಟೆ," ಎಂದ ಚೆನ್ನಕೇಶವ.

ಅವಳು ಆ ಗೀರುಗಳ ಮೇಲೆ ಬೆರಳಾಡಿಸಿದಳು. "ಗಾಯದ ಹಕ್ಕಳೆ ದಿನಾ ಕಿತ್ತು ನೋಡಿದ್ರೆ ಗಾಯ ಮಾಯ್ತದೇನ್ಲಾ? ಅವರು ನಲವತ್ತು ವರ್ಷ ಪಕ್ಕದಾಗೆ ಕುಂತಿದ್ರು, ಒಂದ್ ದಿನ ಉಗುರು ಹಾಕ್ಲಿಲ್ಲ."

ಆಮೇಲೆ ಕಣ್ಣೊರೆಸಿಕೊಂಡು ರಾಮಕ್ಕ ಸುತ್ತ ನೋಡಿ, "ಮರಿ ಎಲ್ಲೋಯ್ತು?" ಎಂದಳು.

ಮೇಕೆ ಪೆಟ್ಟಿಗೆಯ ಹಿಂದಿತ್ತು. ಪೆಟ್ಟಿಗೆಗೂ ಮೋಟುಗೋಡೆಗೂ ನಡುವಿನ ಸಂದಿಗೆ ಮೈ ತೂರಿಸಿಕೊಂಡಿತ್ತು. ಬಾಲ ಮಾತ್ರ ಕಾಣುತ್ತಿತ್ತು, ಆ ಬಾಲ ಟಪಟಪ ಆಡುತ್ತಿತ್ತು. ಚೆನ್ನಕೇಶವ ಪೆಟ್ಟಿಗೆಯನ್ನು ಎರಡೂ ಕೈಯಿಂದ ಹಿಡಿದು ಮುಂದಕ್ಕೆಳೆದ.

ಗೋಡೆಯ ತಂಪಿನಲ್ಲಿ, ಅವನ ಉಗುರು ಎಂದೂ ತಲುಪದ ಬೆನ್ನಿನಲ್ಲಿ, ಮೂರು ಕಡೆ ಚಿಗುರೊಡೆದಿತ್ತು. ಕೆಂಪಗೆ, ಎಳಸಾಗಿ, ಬೆರಳುದ್ದ. ಮೂರರಲ್ಲಿ ಒಂದರ ಅರ್ಧ ಆಗಲೇ ಮೇಕೆಯ ಬಾಯಿಯಲ್ಲಿತ್ತು. ಮೂವತ್ತೊಂದು ವರ್ಷ ನಾಲ್ಕೂ ಕಡೆ ತಿರುಗಿಸಿ ನೋಡದೆ ಒಂದು ಬೋಲ್ಟಿಗೂ ತೀರ್ಪು ಕೊಡದವನು, ಇದನ್ನು ಮಾತ್ರ ಒಂದೇ ಕಡೆ ನೋಡಿ ರಿಜೆಕ್ಟು ಮಾಡಿದ್ದ.

ಸಂತೋಷಪಡುವ ಮೊದಲೇ ಅವನ ಕೈ ಮೇಕೆಗೆ ಹೊಡೆಯಲು ಎದ್ದಿತ್ತು. ರಾಮಕ್ಕ ಆ ಕೈಯನ್ನು ಹಿಡಿದುಕೊಂಡಳು.

"ಹೊಡೀಬೇಡ. ಕಡಿದ ಕಡೆ ಎರಡಾಗಿ ಒಡೀತದೆ. ಇಷ್ಟು ವರ್ಷ ಇದನ್ನ ತಿದ್ದಿದ್ದು ಯಾರು ಅಂದ್ಕೊಂಡಿದ್ದೀಯಾ?"

ಅವಳು ಅಳುತ್ತಿದ್ದಳು, ಜೊತೆಗೆ ನಗುತ್ತಲೂ ಇದ್ದಳು. ಚೆನ್ನಕೇಶವ ಕೈ ಇಳಿಸಿದ. ಆ ಚಿಗುರನ್ನು ಮುಟ್ಟಿ ನೋಡಬೇಕೆಂದು ಜೀವ ಹಾತೊರೆಯುತ್ತಿತ್ತು. ಎರಡೂ ಕೈ ಕಂಕುಳಲ್ಲಿಟ್ಟುಕೊಂಡು ನಿಂತ.

ಮೇಕೆ ಇನ್ನೊಂದು ಚಿಗುರಿಗೆ ಕತ್ತು ಚಾಚಿತು. ರಾಮಕ್ಕ ಬಗ್ಗಿ ಅದರ ಕಿವಿ ಹಿಡಿದು ಮೆಲ್ಲಗೆ ಎಳೆದಳು.

"ಸಾಕು ಬಾ," ಎಂದಳು, "ನಾಳೆಗಿರ್ಲಿ."