ಒಣಗಲ್ಲಿನ ಅಕ್ಷರ

ಅಕ್ಕ ಕಲ್ಲಿನಲ್ಲಿ ಕೆತ್ತಿದ ಅಕ್ಷರ ಕಂಡರೆ ನನ್ನ ಹೊಟ್ಟೆಗೆ ಬೆಂಕಿ ಬೀಳುತ್ತಿತ್ತು. ಇಬ್ಬರಿಗೂ ಒಂದೇ ಅಂಗಡಿ, ಒಬ್ಬನೇ ಮಾಲೀಕ, ಒಂದೇ ಥರದ ಉಳಿ. ಆದರೂ ನಾಮಫಲಕ ಕೆತ್ತಿಸಲು ಬಂದವರೆಲ್ಲ "ನಿಮ್ಮಕ್ಕ ಇಲ್ವಾ?" ಎಂದೇ ಕೇಳುತ್ತಿದ್ದರು. ನಾನೇನು ಅಲ್ಲಿ ನೊಣ ಹೊಡೆಯುತ್ತಿದ್ದೆನೇ?

ಅವಳ ಗುಟ್ಟು ಎಲ್ಲರಿಗೂ ಗೊತ್ತಿದ್ದದ್ದೇ. ನಾವೆಲ್ಲ ಕಲ್ಲಿಗೆ ನೀರು ಚಿಮುಕಿಸಿ ಕೆತ್ತಿದರೆ, ಅವಳು ಒಣಗಲ್ಲಿನ ಮೇಲೆಯೇ ಉಳಿಯಿಟ್ಟು ಪ್ರತಿ ಏಟಿಗೂ ಬಗ್ಗಿ ಬಾಯಿಂದ ಪುಡಿ ಊದುತ್ತಿದ್ದಳು. ನೀರು ಬಿದ್ದರೆ ಅಂಚು ಕಾಣುವುದಿಲ್ಲವಂತೆ. ಸಂಜೆ ಹೊತ್ತಿಗೆ ಅವಳ ರೆಪ್ಪೆಯೆಲ್ಲ ಬಿಳಿ. ನಾನು ಒಣಗಲ್ಲು ಕೇಳಿದರೆ ಮಾಲೀಕ, "ಮೊದಲು ಕೈ ಕುದುರಲಿ" ಎನ್ನುತ್ತಿದ್ದ.

ಕೆಲವು ವರ್ಷ ಹೀಗೇ ನಡೆದ ಮೇಲೆ, ತಣ್ಣೀರು ತಾಗಿದರೆ ಸಾಕು, ಅವಳ ಬೆರಳುಗಳು ಬಿಳಿಚಿಕೊಳ್ಳತೊಡಗಿದವು. ಚರ್ಮ ಬಿಗಿದು ಮುಷ್ಟಿ ಕಟ್ಟಲಾಗದಾಯಿತು. ಭಾವ ಅವಳ ಜಡೆ ಹಾಕತೊಡಗಿದ, ಅಮ್ಮ ಬಾಯಿಗೆ ತುತ್ತು ಇಡತೊಡಗಿದಳು. ನಾನು ಅದಕ್ಕೂ ಕರುಬಿದೆ, ನನ್ನಂಥವಳಿಗೆ ಏನು ಹೇಳುವುದು!

ಒಡಹುಟ್ಟಿದವಳು, ಅದೇ ಕೆಲಸದವಳು ಎಂದು ಡಾಕ್ಟರು ಅಕ್ಕನ ಜೊತೆ ನನ್ನ ರಕ್ತವನ್ನೂ ಪರೀಕ್ಷೆ ಮಾಡಿಸಿದರು. "ಬೇಲಿನೇ ಎದ್ದು ಹೊಲ ಮೇಯೋ ಕಾಯಿಲೆ ಇದು. ಮೈ ಕಾಯಬೇಕಾದ ಪ್ರತಿಕಾಯಗಳು ಮೈಮೇಲೇ ತಿರುಗಿಬಿದ್ದಿವೆ" ಎಂದರು. ಆಮೇಲೆ ನನ್ನ ಕಡೆ ನೋಡಿ, "ನಿಮ್ಮ ರಕ್ತದಲ್ಲೂ ಅವೇ ಇವೆ. ಸದ್ಯಕ್ಕೆ ಸುಮ್ಮನಿವೆ, ಹಾಗೇ ಇದ್ರೂ ಇರಬಹುದು. ಕಲ್ಲಿನ ಧೂಳು ಮಾತ್ರ ಕುಡೀಬೇಡಿ. ಅಕ್ಕನಲ್ಲಿ ಇವನ್ನ ಕೆಣಕಿದ್ದು ಅದೇ ಇರಬೇಕು" ಎಂದರು.

ಅದೇ ವಾರ ಮಾಲೀಕ ಅಕ್ಕನ ಜಾಗ ನನಗೆ ಕೊಟ್ಟ. "ಒಣಗಲ್ಲೇ, ಗೊತ್ತಾಯ್ತಾ? ಗಿರಾಕಿ ಬರೋದೇ ಆ ಅಂಚು ನೋಡಿ." ಬಾಯಿ ಬಿಟ್ಟುಕೊಂಡು ಕಾದಿದ್ದ ಜಾಗ ಅದು.

ಮನೆಗೆ ಹೋಗಿ ಹೇಳಿದರೆ ಅಕ್ಕ, "ಬೇಡ ಕಣೇ" ಎಂದಳು.

"ಈಗಲೂ ಬಿಟ್ಟುಕೊಡೋಕೆ ಮನಸ್ಸಿಲ್ಲ ಅಲ್ವಾ ನಿಂಗೆ?"

ಅವಳು ನನ್ನ ಕೈಯನ್ನೇ ನೋಡುತ್ತಿದ್ದಳು. "ಮುಷ್ಟಿ ಕಟ್ಟು" ಎಂದಳು. ಕಟ್ಟಿದೆ. "ಬಿಡು." ಬಿಟ್ಟೆ.

"ನಿನ್ನ ಬೆರಳು ನೋಡಿದ್ರೆ ನಂಗೆ ಹೊಟ್ಟೆ ಉರಿಯತ್ತೆ ಕಣೇ. ಇವನ್ನೂ ಕಳಕೋಬೇಡ."

ನನ್ನನ್ನು ಕಂಡು ಅವಳಿಗೆ ಹೊಟ್ಟೆಯುರಿ! ಜನ್ಮವೆಲ್ಲ ಕೇಳಬೇಕೆಂದಿದ್ದ ಮಾತು. ಕೇಳಿ ಗೊಳೋ ಎಂದು ಅತ್ತುಬಿಟ್ಟೆ.

ಮರುದಿನ ಅಕ್ಕನ ಜಾಗದಲ್ಲೇ ಕೂತೆ, ಧೂಳು ಏಳದಿರಲೆಂದು ಪಕ್ಕದಲ್ಲಿ ಬಕೆಟ್ ತುಂಬ ನೀರಿಟ್ಟುಕೊಂಡು. ಮಾಲೀಕ ಗೊಣಗಿದ. "ಒಣಗಲ್ಲೇ ಬೇಕಿದ್ರೆ ನೀವೇ ಊದಿ" ಎಂದೆ. ಅಂಚು ಮೊಂಡಾಗಿಯೇ ಬಂತು. ಎದುರಿಗೆ ಅಕ್ಕ ಕೆತ್ತಿದ್ದ ಕಲ್ಲೊಂದಿತ್ತು. ಎದ್ದು ಹೋಗಿ ಅದನ್ನು ಗೋಡೆಗೆ ಮುಖ ಮಾಡಿ ತಿರುಗಿಸಿಟ್ಟೆ. ಇನ್ನೊಂದು ಸಲ ನೋಡಿದ್ದರೆ ಬಕೆಟ್ ಚೆಲ್ಲಿ ಒಣಗಲ್ಲಿಗೇ ಉಳಿಯಿಟ್ಟುಬಿಡುತ್ತಿದ್ದೆ.